ಗ್ನೋಮ್‌ನ ಯೂಸರ್ ಫೋಟೋ ಆರಿಸೂ ಪಾಪ್‌ಅಪ್: ಚಂದ ಅದ, ಆದ್ರ ಕೂಡಿದ ಮನಿಗೆ ಸಾಲಂಗಿಲ್ಲ

ಮೊದಲ ಮಾರ್ಕ್ಸ್ ಹೇಳಿಬಿಡ್ತೀನಿ: ಐದಕ್ಕ ಮೂರು. ಒಬ್ಬರ ವಾಪರಸೂ ಲ್ಯಾಪ್‌ಟಾಪ್ ಆದ್ರ ಕಣ್ಣು ಮುಚ್ಚಿ ನಾಕು ಕೊಡತಿದ್ದೆ. ಆದ್ರ ಒಂದು ಕಂಪ್ಯೂಟರ್, ಆರು ಮಂದಿ, ಆರು ಅಕೌಂಟ್ ಇರೂ ನಮ್ಮಂಥಾ ಮನಿಗೆ ಮೂರರ ಮ್ಯಾಲ ಕೊಡಲಾಕ ಮನಸು ಒಪ್ಪವಲ್ದು. ಯಾಕ ಅಂತ ಮುಂದ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ, ಚಾ ತಗೊಂಡ ಕುಂದ್ರ್ರಿ.

ಉಬುಂಟು 24.04 (ವಿಂಡೋಸ್ ಬದ್ಲಿ ಹಾಕೂ ಲಿನಕ್ಸ್ ಸಿಸ್ಟಮ್) ಜೋಡಿ ಗ್ನೋಮ್ 46 ಅನ್ನೂ ಡೆಸ್ಕ್‌ಟಾಪ್, ಅಂದ್ರ ಕಣ್ಣಿಗೆ ಕಾಣೂ ಸ್ಕ್ರೀನ್, ಮೆನು ಎಲ್ಲಾ, ಬರ್ತದಲ್ಲ, ಅದರ ಸೆಟ್ಟಿಂಗ್ಸ್ ಒಳಗಿನ ಒಂದ ಒಂದು ಸಣ್ಣ ಜಾಗದ ರಿವ್ಯೂ ಇದು. ಸೆಟ್ಟಿಂಗ್ಸ್ ತಗೀರಿ, ಸಿಸ್ಟಮ್‌ಗೆ ಹೋಗ್ರಿ, ಅದರಾಗ ಯೂಸರ್ಸ್. ಮ್ಯಾಲ ದುಂಡಾನ ಚಿತ್ರ ಕಾಣ್ತದ, ಅದರ ಮಗ್ಗಲಕ್ಕ ಪೆನ್ಸಿಲ್ ಗುರುತಿನ ಸಣ್ಣ ಬಟನ್. ಅದನ್ನ ಒತ್ತಿದ ಕೂಡ್ಲೆ ಒಂದು ಪಾಪ್‌ಅಪ್ ಬಿಚ್ಚಿಕೊಂಡು ಒಂದಿಷ್ಟು ದುಂಡಾನ ಚಿತ್ರ ಸಾಲಾಗಿ ನಿಂದ್ರತಾವ, ಕೆಳಗ ಫೈಲ್ ಆರಿಸೂ ಬಟನ್. ಅಷ್ಟ. ಇಷ್ಟಕ್ಕ ಇಷ್ಟುದ್ದ ಬರೀಲಾಕ ಇವಗೇನು ಬ್ಯಾರೆ ಉದ್ಯೋಗ ಇಲ್ಲೇನು ಅನ್ನಬ್ಯಾಡ್ರಿ, ಉದ್ಯೋಗನ ಇದು ಆಗೇದ ಈಗ.

ವಿಂಡೋಸ್ 10ಗೆ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗೀತು. ವಿಂಡೋಸ್ 11 ಹಾಕೋಣ ಅಂದ್ರ ಅದು ಟಿಪಿಎಂ 2.0 ಅನ್ನೂ ಸುರಕ್ಷಾ ಚಿಪ್ ಕೇಳ್ತದ, ಇಂಟೆಲ್ ಪ್ರೊಸೆಸರ್ ಆದ್ರ ಎಂಟನೇ ಜನರೇಷನ್‌ದಿಂದ ಮುಂದಿಂದು ಬೇಕು ಅಂತದ. ನಮ್ಮ ವಿಜಯಪುರದಾಗ ಮನಿ, ಕಿರಾಣಿ ಅಂಗಡಿ, ಟ್ಯೂಷನ್ ಕ್ಲಾಸು ಎಲ್ಲಾ ಕಡಿ ಕುಂತಿದ್ದು ಮೂರನೇ ನಾಕನೇ ಜನರೇಷನ್ ಡಬ್ಬಿಗೋಳು, ಅವಕ್ಕೇನೂ ಆಗಿಲ್ಲ, ಎಸ್ಎಸ್‌ಡಿ ಒಂದು ಹಾಕಿದ್ರ ಇನ್ನೂ ನಾಕೈದು ವರ್ಷ ಓಡ್ತಾವ. ಹಿಂಗಾಗಿ ಓಣ್ಯಾಗ ಯಾರರೆ ಕರದ್ರ ಹೋಗಿ ಉಬುಂಟು ಇಲ್ಲಾ ಅದರಂಥದ್ದ ಲಿನಕ್ಸ್ ಮಿಂಟ್ ಹಾಕಿ ಕೊಡೂದು ನನ್ನ ಸಂಜಿ ಕೆಲಸ ಆಗೇದ. ವೈಫೈ ಲಗೂನ ಹತ್ತತದ, ಪ್ರಿಂಟರ್ ಒಂದಿಷ್ಟು ಸತಾಯಿಸಿ ಹತ್ತತದ, ಕನ್ನಡ ಕೀಬೋರ್ಡ್ ಹಾಕಿಕೊಡೂದು ಐದು ಮಿನಿಟಿನ ಮಾತು. ಎಲ್ಲಾ ಮುಗಿದ ಮ್ಯಾಲ ಮನಿ ಮಂದಿ ಎಲ್ಲಾ ಕೂಡಿ ಕುಂತು ತಕರಾರು ಮಾಡೂದು ಯಾವುದಕ್ಕ ಗೊತ್ತೇನ್ರಿ? ಯಾರಿಗೆ ಯಾವ ಚಿತ್ರ ಅನ್ನೂದಕ್ಕ.

ಅದು ಹುಡುಗಾಟ ಅಲ್ಲ. ಪಾಸ್‌ವರ್ಡ್ ಹೊಡಿಯೂ ಮೊದಲ ಕಾಣೂ ಲಾಗಿನ್ ಸ್ಕ್ರೀನ್ ಮ್ಯಾಲ ಒಬ್ಬೊಬ್ಬರ ಹೆಸರು, ಹೆಸರಿನ ಮಗ್ಗಲಕ್ಕ ದುಂಡಾನ ಚಿತ್ರ. ಹೆಸರು ಸಣ್ಣ ಅಕ್ಷರದಾಗ ಇರ್ತದ, ಅದೂ ಇನ್ಸ್ಟಾಲ್ ಮಾಡೂಮುಂದ ಯಾರೋ ಇಂಗ್ಲಿಷ್‌ನ್ಯಾಗ ಹೊಡದಿರ್ತಾರ. ನಮ್ಮ ಆಯಿಗೆ ಇಂಗ್ಲಿಷ್ ಬರಂಗಿಲ್ಲ, ಚಸ್ಮಾ ಇದ್ರ ಕನ್ನಡ ಓದ್ತಾಳ, ಆದ್ರ ಚಸ್ಮಾ ಯಾವಾಗರೆ ಕೈಗೆ ಸಿಗ್ತದೇನು. ಆಕಿಗೆ ಚಿತ್ರನ ಹೆಸರು. ಶಾಲಿಗೆ ಹೋಗದ ಸಣ್ಣ ಹುಡುಗೂರಿಗೂ ಹಂಗ. ಮಂದಿ ಕೂಡಿದ ಮನ್ಯಾಗ ಹೊರಗ ಬಿಟ್ಟ ಚಪ್ಪಲ್ ರಾಶ್ಯಾಗ ನಮ್ಮ ಚಪ್ಪಲ್ ಹೆಂಗ ಗುರುತು ಹಿಡೀತೀವಿ ಹಂಗ, ಉಳಿದವ್ರದರ ನಡಬರಕ ನಂದು ಯಾವುದು ಅಂತ ಒಂದ ನೋಟಕ್ಕ ಗೊತ್ತಾಗಬೇಕು. ಈ ಪಾಪ್‌ಅಪ್ ಮಾಡಿದವ್ರು ಮರೆತದ್ದು ಇದನ್ನ. ಚಿತ್ರ ಆರಿಸೂಮುಂದ ನಮ್ಮ ಒಂದ ಚಿತ್ರ ತೋರಸ್ತದ, ಉಳಿದ ಐದು ಮಂದಿ ಏನು ಇಟ್ಟಕೊಂಡಾರ ಅನ್ನೂದು ಅಲ್ಲಿ ಕಾಣಂಗಿಲ್ಲ.

ನಮ್ಮ ಮನಿ ಕಥಿನ ತಗೋರಿ. ಆಯಿ ದಿನಾ ಮುಂಜಾನೆ ಯೂಟ್ಯೂಬಿನ್ಯಾಗ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಾವ್ರ ಪ್ರವಚನ ಕೇಳ್ತಾಳ. ಅಪ್ಪಾವ್ರು 2023ರ ಜನವರಿ 2ಕ್ಕ ಹೋದ್ರು, ಆದ್ರ ನಮ್ಮೂರಾಗ ಮನಿಮನ್ಯಾಗ ಅವರ ದನಿ ಇನ್ನೂ ನಡದದ. ಚಿತ್ರ ಯಾವುದು ಇಡ್ಲಿ ಆಯಿ ಅಂದ್ರ, ನನ್ನ ಮುಖ ಯಾಕೋ, ಅಪ್ಪಾವ್ರ ಫೋಟೋ ಇಡು ಅಂದ್ಲು. ಇಟ್ಟೆ. ನಮ್ಮ ಕಾಕಾನೂ ಅವರ ಭಕ್ತ, ತನ್ನ ಅಕೌಂಟಿಗೆ ತಾನೂ ಅಪ್ಪಾವ್ರದ ಫೋಟೋ ಇಟ್ಟಕೊಂಡ, ಬಿಳಿ ಅಂಗಿಯ ಅದ ಫೋಟೋ, ವಾಟ್ಸಾಪ್‌ನ್ಯಾಗ ಎಲ್ಲಾರ ಕಡೇನೂ ಇರೂದು ಅದನ. ಮರುದಿನ ಆಯಿ ಕಾಕಾನ ಅಕೌಂಟ್ ಒತ್ತಿ ತನ್ನ ಪಾಸ್‌ವರ್ಡ್ ಹೊಡಕೋತ ಕುಂತಾಳ, ಒಳಗ ಬಿಡವಲ್ದು, ಕಂಪ್ಯೂಟರ್ ಕೆಟ್ಟದ ಅಂತ ಎಲ್ಲಾರನೂ ಕರದು ತೋರಸ್ಯಾಳ. ಈಗ ಹೇಳ್ರಿ, ಇದು ಆಯಿ ತಪ್ಪೇನು, ಕಾಕಾನ ತಪ್ಪೇನು? "ಈ ಚಿತ್ರ ಈ ಕಂಪ್ಯೂಟರ್‌ನ್ಯಾಗ ಇನ್ನೊಬ್ಬರು ಇಟ್ಟಕೊಂಡಾರ, ನಡೀತದೇನು" ಅಂತ ಒಂದ ಸಾಲು ಆ ಪಾಪ್‌ಅಪ್‌ನ್ಯಾಗ ಇದ್ದಿದ್ರ ಅಲ್ಲಿಗೇ ಮುಗೀತಿತ್ತು. ಬ್ಯಾಡ ಅನ್ನೂದು ಬ್ಯಾಡ, ಹೇಳಿದ್ರ ಸಾಕು.

ಇನ್ನ ಚಿತ್ರ ಆರಿಸದ ಬಿಟ್ರ ಏನಾಗ್ತದ ನೋಡೋಣ. ಆವಾಗ ಹೆಸರಿನ ಮೊದಲಿನ ಶಬ್ದದ ಮೊದಲ ಅಕ್ಷರ, ಕಡೀ ಶಬ್ದದ ಮೊದಲ ಅಕ್ಷರ, ಎರಡೂ ಕೂಡಿಸಿ ಬಣ್ಣದ ದುಂಡಿನ್ಯಾಗ ಬರದು ಇಡ್ತದ. ಐಡಿಯಾ ಛಲೋನ ಅದ, ಬೂದಿ ಬಣ್ಣದ ಗೊಂಬಿ ಇಡೂದಕ್ಕಿಂತ ಎಷ್ಟೋ ವಾಸಿ. ಆದ್ರ ನಮ್ಮ ಕಡೆ ಒಂದು ಮನ್ಯಾಗ ಅಡ್ಡಹೆಸರು ಎಲ್ಲಾರದೂ ಒಂದ. ಬಿರಾದಾರ ಅಂದ್ರ ಮನಿ ತುಂಬ ಬಿರಾದಾರ. ಶ್ರೀಶೈಲ ಬಿರಾದಾರ, ಶಾಂತವ್ವ ಬಿರಾದಾರ, ಶಿವಾನಂದ ಬಿರಾದಾರ ಅಂತ ಮೂರು ಹೆಸರು ಇಟ್ಟು ನೋಡ್ರಿ, ಮೂರೂ ದುಂಡಿನ್ಯಾಗ ಶ, ಬ. ಯಾಕಂದ್ರ ಅದು ಮೊದಲ ಯೂನಿಕೋಡ್ ಸಂಕೇತ ಒಂದನ್ನ ಎತ್ತಿಕೊಂತದ, ಅದರ ಮುಂದಿನ ಒತ್ತು, ದೀರ್ಘ, ಗುಣಿತದ ಗುರುತು ಎಲ್ಲಾ ಬಿಟ್ಟುಬಿಡ್ತದ. ಶ್ರೀ, ಶಾ, ಶಿ ಅಂತ ಪೂರಾ ಅಕ್ಷರ ಹಿಡಿದಿದ್ರ ಮೂರೂ ಬ್ಯಾರೆಬ್ಯಾರೆ ಕಾಣತಿದ್ದೂ. ಇಂಗ್ಲಿಷಿಗೆ ಒಂದ ಸಂಕೇತ ಅಂದ್ರ ಒಂದ ಅಕ್ಷರ, ಅವರಿಗೆ ತ್ರಾಸ ಕಾಣಂಗಿಲ್ಲ. ಕನ್ನಡ, ಮರಾಠಿ, ಹಿಂದಿ ಎಲ್ಲಾಕೂ ಇದ ಹಣಿಬರಹ.

ಬಣ್ಣದ್ದರೆ ಭರೋಸ ಅದೇನು ಅಂದ್ರ ಅದೂ ಇಲ್ರಿ. ಗ್ನೋಮ್‌ನ ಈ ಅವತಾರಕ್ಕ (ಯೂಸರ್ ಚಿತ್ರಕ್ಕ) ಇರೂದು 14 ಬಣ್ಣ, ಪೂರಾ ಹೆಸರಿನ ಅಕ್ಷರಗೋಳಿಂದ ಲೆಕ್ಕ ಹಾಕಿ ತಾನ ಒಂದು ಬಣ್ಣ ಹಚ್ಚತದ, ನಮಗ ಆರಿಸಲಾಕ ಬಿಡಂಗಿಲ್ಲ. 14 ಬಣ್ಣ ಭಾಳ ಆದೂ ಅಂತ ಅನಸ್ತದ, ಆದ್ರ ಲೆಕ್ಕ ಹಾಕಿ ನೋಡ್ರಿ, 14 ಬಣ್ಣದಾಗ ಆರು ಮಂದಿಗೆ ಸುಮ್ನ ಹಂಚಿದ್ರ ಯಾರರೆ ಇಬ್ಬರಿಗೆ ಒಂದ ಬಣ್ಣ ಬರೂ ಸಾಧ್ಯತಾ ನೂರಕ್ಕ 71. ಸಾಧ್ಯತಾ ಗಣಿತದಾಗ ಬರೂ ಹುಟ್ಟಿದ ದಿನದ ಲೆಕ್ಕ ನೆನಪಿದ್ದವ್ರು ತಾವ ಮಾಡಿ ನೋಡ್ರಿ. ಅಕ್ಷರ ಒಂದ, ಬಣ್ಣಾನೂ ಒಂದ ಆತು ಅಂದ್ರ ಮುಗದ ಹೋತು.

ಕೆಡಿಇ ಪ್ಲಾಸ್ಮಾ ಅಂತ ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಅದ, ಅದರವ್ರು ಇಲ್ಲಿ ಶಾಣ್ಯಾತನ ಮಾಡ್ಯಾರ. ಅವರ ಯೂಸರ್ಸ್ ಪುಟದಾಗ ಚಿತ್ರ ಬದಲ ಮಾಡಲಾಕ ಹೋದ್ರ ಹೆಸರಿನ ಅಕ್ಷರಕ್ಕ ಬಣ್ಣ ನಾವ ಆರಿಸಬಹುದು, ಬಣ್ಣಕ್ಕ ಹೆಸರೂ ಮಜಾ ಇಟ್ಟಾರ, ಪ್ಲಾಸ್ಮಾ ಬ್ಲೂ, ಫೈಸ್ಟಿ ಫ್ಲಮಿಂಗೊ, ಸ್ವೀಟ್ ಪೊಟ್ಯಾಟೊ ಅಂತ. ನಮ್ಮ ಓಣಿ ಟೇಲರ್ ಅಕ್ಕಾರ ಅಂಗಡ್ಯಾಗ ಇದನ್ನ ಹಾಕಿ ಕೊಟ್ಟೀನಿ. ಅಕ್ಕಾರು ಒಂದು, ಅವರ ಕೈ ಕೆಳಗ ಕೆಲಸ ಮಾಡೂ ಹುಡುಗಿ ಒಂದು, ಎರಡ ಅಕೌಂಟ್. ಅಕ್ಕಾರಿಗೆ ಕೇಸರಿ, ಹುಡುಗಿಗೆ ನೀಲಿ, ಅಷ್ಟರಾಗ ಕೆಲಸ ಮುಗೀತು, ಫೋಟೋ ಮಾತ ಬರಲಿಲ್ಲ. ಬರಂಗೂ ಇಲ್ಲ, ಅಂಗಡಿ ಅಂದ್ರ ದಿನಾ ಹತ್ತು ಮಂದಿ ಬಂದು ಕುಂದ್ರೂ ಜಾಗ, ಸ್ಕ್ರೀನ್ ಮ್ಯಾಲ ತಮ್ಮ ಮುಖ ಇರೂದು ಇಬ್ಬರಿಗೂ ಬ್ಯಾಡಾಗಿತ್ತು. ಎಲ್ಲಾರೂ ತಮ್ಮ ಸೆಲ್ಫಿ ಇಟ್ಟಕೋತಾರ ಅಂತ ತಿಳದು ಡಿಸೈನ್ ಮಾಡೂದು ದೊಡ್ಡ ತಪ್ಪು. ಹೆಣ್ಮಕ್ಕಳು ಕೆಲವೊಬ್ಬರು ಮನ್ಯಾಗೂ ಇಡಂಗಿಲ್ಲ, ಅವರಿಗೆ ಅದು ಇಷ್ಟ ಇಲ್ಲ, ಅಷ್ಟ, ಯಾಕ ಅಂತ ಸಾಫ್ಟ್‌ವೇರ್ ಕೇಳಬಾರದು. ಅಂಥವ್ರಿಗೆ ಜೋಡಿ ಬರೂ ರೆಡಿ ಚಿತ್ರಗೋಳು ಛಲೋ ಇರಬೇಕು.

ರೆಡಿ ಚಿತ್ರಕ್ಕ ಬಂದ್ವಿ. ಗ್ನೋಮ್ ಪಾಪ್‌ಅಪ್‌ನ್ಯಾಗ ಏನೇನು ಅದಾವ ಅಂದ್ರ ಸೈಕಲ್, ಪುಸ್ತಕ, ಕ್ಯಾಲ್ಕುಲೇಟರ್, ಬೆಕ್ಕು, ಕಾಫಿ, ಹೂವು, ಗೇಮ್‌ಪ್ಯಾಡ್, ಗಿಟಾರ್, ಹೆಡ್‌ಫೋನ್, ಹಮ್ಮಿಂಗ್‌ಬರ್ಡ್, ಗುಡ್ಡ, ವಿಮಾನ, ಸರ್ಫಿಂಗ್ ಮಾಡೂವ, ಟೊಮ್ಯಾಟೊ, ಗಿಡ. ಫೋಟೋ ಕ್ವಾಲಿಟಿ ಎ ಒನ್, ಎಲ್ಲಾ ದುಂಡಿಗೆ ಸರಿ ಹೊಂದೂವಂಗ ತಗದಾರ, ಅದಕ್ಕ ಪೂರಾ ಮಾರ್ಕ್ಸು. ಸಣ್ಣದು ಮಾಡಿದ್ರೂ ಟೊಮ್ಯಾಟೊ ಟೊಮ್ಯಾಟೊನ ಕಾಣ್ತದ, ಬೆಕ್ಕು ಬೆಕ್ಕ ಕಾಣ್ತದ. ನಮ್ಮ ಕಾಕಾನ ಮಗಳು ಟೊಮ್ಯಾಟೊ ಇಟ್ಟಕೊಂಡಾಳ, ದೂರಿಂದ ನೋಡಿದ್ರೂ ಕೆಂಪಗ ಎದ್ದು ಕಾಣ್ತದ, ಮನ್ಯಾಗ ಅಕೌಂಟ್ ತಪ್ಪದವಳು ಆಕಿ ಒಬ್ಬಾಕಿನ. ಸಣ್ಣಾವ ಗೇಮ್‌ಪ್ಯಾಡ್ ಬಿಟ್ಟು ಬ್ಯಾರೆ ನೋಡಲಿಲ್ಲ. ಸರ್ಫಿಂಗ್ ಮಾಡೂವ ಮಾತ್ರ ನಮ್ಮೂರಾಗ ಯಾರ ಮನ್ಯಾಗೂ ಗಿರಾಕಿ ಸಿಗದ ಕುಂತಾನ. ಬ್ಯಾಸಿಗ್ಯಾಗ ನಳ ಬರೂದ ದೊಡ್ಡ ಮಾತು, ಸರ್ಫಿಂಗ್ ಮಾಡಲಾಕ ಸಮುದ್ರದ ಅಲಿ ಎಲ್ಲಿಂದ ತರೂದ್ರಿ.

ಇಲ್ಲೊಂದು ಮಜಾ ಹೇಳ್ತೀನಿ. ಇದಕ್ಕೂ ಹಿಂದಿನ ಹಳೇ ಚಿತ್ರಗೋಳು ಡಿಸ್ಕಿನ್ಯಾಗ ಇನ್ನೂ ಅದಾವ, ಪಾಪ್‌ಅಪ್‌ನ್ಯಾಗ ಮಾತ್ರ ತೋರಸಂಗಿಲ್ಲ. ಫೈಲ್ ಸಿಸ್ಟಮ್‌ನ್ಯಾಗ ಯುಎಸ್ಆರ್, ಶೇರ್, ಪಿಕ್ಸ್‌ಮ್ಯಾಪ್ಸ್, ಫೇಸಸ್ ಅಂತ ಫೋಲ್ಡರ್ ದಾಟಿ ಲೆಗಸಿ ಅನ್ನೂ ಫೋಲ್ಡರಿಗೆ ಹೋಗ್ರಿ. ಚಿಟ್ಟಿ, ಪೆಂಗ್ವಿನ್, ನಾಯಿಮರಿ, ಸೂರ್ಯಕಾಂತಿ, ಹಳದಿ ಗುಲಾಬಿ, ಚೆಸ್, ಗಗನಯಾತ್ರಿ ಎಲ್ಲಾ ಅಲ್ಲೇ ಕುಂತಾವ. ಅದರಾಗ ದ್ರಾಕ್ಷಿ ಗೊಂಚಲೂ ಅದ! ಇಡೀ ಜಿಲ್ಲಾದಾಗ ದ್ರಾಕ್ಷಿ ತ್ವಾಟ ಮಾಡೂ ಊರಿನ ಮಂದಿಗೆ ದ್ರಾಕ್ಷಿನ ಅಡಗಿಸಿಟ್ಟು ಸರ್ಫಿಂಗ್ ತೋರಸೂದು ನ್ಯಾಯ ಏನ್ರಿ. ಫೈಲ್ ಆರಿಸೂ ಬಟನ್ ಒತ್ತಿ ಅಲ್ಲಿಗೆ ಹೋಗಿ ಆರಿಸಿದ್ರ ಬರ್ತದ, ನಮ್ಮ ಮಾವನ ಕಂಪ್ಯೂಟರಿಗೆ ಅದನ್ನ ಇಟ್ಟು ಕೊಟ್ಟೆ. ಮಾವ ತ್ವಾಟದ ಮನಶಾ, ಖುಷಿ ಆದ್ರು.

ಈ ವಯಸ್ಸಿನವ್ರಿಗೆ ನೆನಪಿರೂದು ವಿಂಡೋಸ್ ಎಕ್ಸ್‌ಪಿ. 2001ರಾಗ ಬಂದದ್ದು, ನಮ್ಮ ಕಡೆ ಸೈಬರ್ ಕೆಫೆ ಇದ್ದ ಕಾಲ ಪೂರಾ ಅದರ ಮ್ಯಾಲ ಕಳೀತು. ಹಳದಿ ಬಾತುಕೋಳಿ, ಚೆಸ್, ಕಪ್ಪಿ, ಗಿಟಾರ್, ಫುಟ್ಬಾಲ್. ಎಷ್ಟು ಸಣ್ಣ ಚಿತ್ರ ಇದ್ರೂ ಒಂದಕ್ಕೊಂದು ಬ್ಯಾರೆ ಇದ್ದೂ, ಬಾತುಕೋಳಿ ಅಕೌಂಟ್ ಅಂದ್ರ ಯಾರದ ಅಂತ ಅಂಗಡಿ ಹುಡುಗೂರಿಗೂ ಗೊತ್ತಿರತಿತ್ತು. ವಿಂಡೋಸ್ 8ಕ್ಕ ಬರೂದರಾಗ ಆ ರೆಡಿ ಚಿತ್ರಗೋಳನ್ನ ತಗದು ಬೂದಿ ಬಣ್ಣದ ಮನಶಾನ ಆಕಾರ ಒಂದ ಇಟ್ರು. ಈಗ ವಿಂಡೋಸ್ 11 ತಗದ್ರೂ ಕ್ಯಾಮೆರಾ ತಗೀರಿ, ಇಲ್ಲಾ ಫೈಲ್ ಹುಡುಕ್ರಿ, ಎರಡ ದಾರಿ. ಅದಕ್ಕ ಹೋಲಿಸಿದ್ರ ಗ್ನೋಮ್ ಇನ್ನೂ ಚಿತ್ರ ಕೊಡ್ತದ ಅನ್ನೂದ ದೊಡ್ಡದು, ಬೈಯೂಮುಂದ ಇದನ್ನೂ ಹೇಳಬೇಕು.

ಫೈಲ್‌ನಿಂದ ಫೋಟೋ ತರೂದು ಹೆಂಗದ? ಇಲ್ಲಿ ಮೊದಲಿಗಿಂತ ಭಾಳ ಸುಧಾರಿಸೇದ. ಗ್ನೋಮ್ 44ರ ತನಕ, ಅಂದ್ರ 2023ರ ಮಾರ್ಚ್ ತನಕ, ಫೈಲ್ ಆರಿಸೂ ಕಿಟಕ್ಯಾಗ ಫೋಟೋಗೋಳು ಸಾಲಾಗಿ ಚಿತ್ರ ಆಗಿ ಕಾಣತಿದ್ದಿಲ್ಲ, ಬರೇ ಹೆಸರಿನ ಪಟ್ಟಿ. ಇದನ್ನ ಸರಿ ಮಾಡ್ರಿ ಅಂತ ಮಂದಿ ಕೇಳಲಾಕ ಸುರು ಮಾಡಿದ್ದು 2004ರಾಗ, ಸುಳ್ಳಲ್ರಿ, 18 ವರ್ಷದ ಮ್ಯಾಲ ಬಂತು. ವಾಟ್ಸಾಪ್‌ನಿಂದ ಬಂದ ಫೋಟೋಗೋಳ ಹೆಸರು ಏನಿರ್ತದ ನಿಮಗ ಗೊತ್ತಲ್ಲ, ತಾರೀಖು, ಡಬ್ಲ್ಯೂಎ, ಒಂದು ನಂಬರ್, ಅದರಾಗ ಆಯಿ ಫೋಟೋ ಯಾವುದು ಅಂತ ದೇವರಿಗೇ ಗೊತ್ತು. ಈಗ ಗ್ರಿಡ್ ಮಾಡಿದ್ರ ಫೋಟೋನ ಕಾಣ್ತದ, ಒತ್ತಿದ್ರ ಆತು. ಕ್ಯಾಮೆರಾ ಮಾತ್ರ ಹೋತು. ಮೊದಲ ಇಲ್ಲೇ ವೆಬ್‌ಕ್ಯಾಮ್‌ನಿಂದ ಫೋಟೋ ಹೊಡಿಯೂ ಆಯ್ಕಿ ಇತ್ತು, ಅದು ಚೀಸ್ ಅನ್ನೂ ಪ್ರೋಗ್ರಾಮ್ ಮ್ಯಾಲ ನಿಂತಿತ್ತು, ಸೆಟ್ಟಿಂಗ್ಸ್ ಜಿಟಿಕೆ 4ಕ್ಕ (ಕಿಟಕಿ, ಬಟನ್ ಕಟ್ಟೂ ಹೊಸ ಸಾಮಗ್ರಿಗೆ) ಬದಲಾದಾಗ ಅದು ಹಿಂದ ಉಳೀತು. ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್‌ನ್ಯಾಗ ಇನ್ನೂ ಫೋಟೋ ಹೊಡಿಯೂದು ಅದ. ಡೆಸ್ಕ್‌ಟಾಪಿಗೆ ಕ್ಯಾಮೆರಾ ಯಾರ ಹತ್ರ ಅದ ಅಂತ ನೀವು ಕೇಳಬಹುದು, ಕೊರೋನಾ ಕಾಲದಾಗ ಆನ್‌ಲೈನ್ ಕ್ಲಾಸಿಗೆ ಅಂತ ತಗೊಂಡು ಕಪಾಟಿನ್ಯಾಗ ಇಟ್ಟ ವೆಬ್‌ಕ್ಯಾಮ್ ಭಾಳ ಮನ್ಯಾಗ ಅದಾವ, ಹುಡುಕಿದ್ರ ಸಿಗ್ತಾವ.

ಫೈಲ್ ಆರಿಸಿದ ಮ್ಯಾಲ ಕತ್ತರಿಸೂ ಕಿಟಕಿ ಬರ್ತದ, ಎಷ್ಟು ಭಾಗ ಬೇಕೋ ಅಷ್ಟರ ಮ್ಯಾಲ ಎಳದು ಇಟ್ಟರ ಆತು. ಕೆಲಸ ಸರಳ ಅದ, ಮೌಸ್ ಹಿಡಿಯಾಕ ಬರೂ ಯಾರರೆ ಮಾಡ್ತಾರ. ಆದ್ರ ಕೊನೀಗೆ ಎಲ್ಲಾ ದುಂಡಗ ಬರ್ತದಲ್ಲ, ಅಲ್ಲಿ ನಮ್ಮ ಕಡಿ ಫೋಟೋಗೋಳಿಗೆ ತ್ರಾಸ. ನಮ್ಮ ಮುತ್ಯಾನ ಫೋಟೋ ಇಡಲಾಕ ಹೋದೆ, ತಲಿ ಮ್ಯಾಲ ದೊಡ್ಡ ಪಟಕಾ. ಪಟಕಾ ಹಿಡಿಸಿದ್ರ ಮುಖ ಕಡ್ಲಿಕಾಳಿನಷ್ಟು ಆಗ್ತದ, ಮುಖ ದೊಡ್ಡದು ಮಾಡಿದ್ರ ಪಟಕಾ ಹಾರಿ ಹೋಗ್ತದ. ಪಟಕಾ ಇಲ್ಲದ ಮುತ್ಯಾನ್ನ ಯಾರು ಗುರುತು ಹಿಡೀಬೇಕ್ರಿ. ಮತ್ತ ಕಂಪ್ಯೂಟರಿನ್ಯಾಗ ಇರೂ ಫೋಟೋಗೋಳ ಹಣಿಬರಹನೂ ಕೇಳ್ರಿ: ಅರ್ಧ ಮಂದಿದು ಇರೂದು ಅರ್ಜಿ ತುಂಬಲಾಕ ಅಂತ ಮಾಡಿಸಿದ ಪಾಸ್‌ಪೋರ್ಟ್ ಸೈಜಿನ ಫೋಟೋ, ಇಂತಿಷ್ಟು ಕೆಬಿ ಒಳಗ ಇರಬೇಕು ಅಂತ ಹಿಂಡಿ ಹಿಂಡಿ ಸಣ್ಣದು ಮಾಡಿದ್ದು. ಅದನ್ನ ಇಲ್ಲಿ ಹಾಕಿದ್ರ ಸೆಟ್ಟಿಂಗ್ಸ್‌ನ್ಯಾಗ ದೊಡ್ಡ ದುಂಡಿನ್ಯಾಗ ಮಬ್ಬ ಮಬ್ಬ ಕಾಣ್ತದ. ಈ ಫೋಟೋ ಭಾಳ ಸಣ್ಣದದ, ಬ್ಯಾರೆ ಇದ್ರ ನೋಡ್ರಿ ಅಂತ ಕತ್ತರಿಸೂಮುಂದನ ಹೇಳಿದ್ರ ಛಲೋ ಇತ್ತು.

ದುಂಡಿನ ಮಾತು ಬಂತಂತ ಇನ್ನೊಂದು. ನಮ್ಮ ತಮ್ಮ ಗೋಳಗುಮ್ಮಟ ಇಟ್ಟಕೊಂತೀನಿ ಅಂದ. ವಿಜಯಪುರದ ಹುಡುಗ ಮತ್ತೇನು ಇಡ್ತಾನ. ಆದ್ರ ಮುಂದಿಂದ ತಗದ ಫೋಟೋ ದುಂಡಗ ಕತ್ತರಿಸಿದ್ರ ಮೂಲಿಗಿನ ಏಳಂತಸ್ತಿನ ಮಿನಾರಗೋಳು ಹೋಗಿ ಬರೇ ಗುಮ್ಮಟ ಉಳೀತು, ಸಣ್ಣದಾದಾಗ ಯಾವುದೋ ಬೂದಿ ಬಣ್ಣದ ಟೋಪಿ ಕಂಡಂಗ ಕಂಡ್ತು. ಅದನ್ನ ತಗದು ಮಲಿಕ್ ಎ ಮೈದಾನ್ ತೋಪಿನ ಬಾಯಿ ಇಟ್ಟೆ, ಆ ಸಿಂಹದ ಮುಖ ಅದಲ್ಲ, ಅದು. ಏನು ಕೂಡ್ತು ಅಂತೀರಿ! ತೋಪಿನ ಬಾಯಿನ ದುಂಡಗ, ಕತ್ತರಿಸೂದ ಬೇಕಾಗಲಿಲ್ಲ. ದುಂಡಿಗೆ ಚಿತ್ರ ಆರಿಸೂದು ಒಂದು ಕಲಾನ ಅದ, ಅದನ್ನ ಯೂಸರ್ ತಾನ ಕಲೀಲಿ ಅಂತ ಬಿಡಬಾರದು. ಕತ್ತರಿಸೂ ಕಿಟಕ್ಯಾಗ ಮಗ್ಗಲಕ್ಕ ಲಾಗಿನ್ ಸ್ಕ್ರೀನ್ ಮ್ಯಾಲ ಎಷ್ಟು ಸಣ್ಣದು ಕಾಣ್ತದೋ ಅಷ್ಟ ಸಣ್ಣ ನಮೂನಿ ತೋರಸಬೇಕು, ಅದರ ಕೆಳಗ ಮನ್ಯಾಗಿನ ಉಳಿದವ್ರ ಚಿತ್ರ ಸಾಲಾಗಿ. ಅಷ್ಟ ಮಾಡಿದ್ರ ನಾನು ಹೇಳಿದ ಅರ್ಧ ತಕರಾರು ತಾವ ಹೋಗ್ತಾವ, ಅಪ್ಪಾವ್ರ ಫೋಟೋ ಎರಡು ಬಂದದ್ದೂ ಕಾಣ್ತದ, ಶ ಬ ಅಂತ ಮೂರು ಬಂದದ್ದೂ ಕಾಣ್ತದ, ಗುಮ್ಮಟ ಟೋಪಿ ಆದದ್ದೂ ಕಾಣ್ತದ. ಉಳಿದವ್ರ ಚಿತ್ರ ಹೆಂಗೂ ಲಾಗಿನ್ ಸ್ಕ್ರೀನ್ ಮ್ಯಾಲ ಎಲ್ಲಾರಿಗೂ ಕಾಣೂವ, ಇಲ್ಲಿ ತೋರಿಸಿದ್ರ ಯಾರ ಗುಟ್ಟೂ ಹೊರಗ ಬೀಳಂಗಿಲ್ಲ.

ಪಾಪ್‌ಅಪ್‌ದ ಜೋಡಣಿ ಬಗ್ಗೆ ಎರಡ ಮಾತು. ಪೆನ್ಸಿಲ್ ಬಟನ್ ಸಣ್ಣದು, ವಯಸ್ಸಾದವ್ರಿಗೆ ಅದು ಒತ್ತೂ ಬಟನ್ ಅಂತನ ಅನಸಂಗಿಲ್ಲ, ಚಿತ್ರದ ಮ್ಯಾಲನ ಒತ್ತಲಾಕ ಹೋಗ್ತಾರ. ಚಿತ್ರಕ್ಕ ಕೈ ಹಚ್ಚಿದ್ರನ ಬಿಚ್ಚಿಕೊಳ್ಳೂವಂಗ ಇರಬೇಕು, ಮಿಂಟ್‌ನ್ಯಾಗ ಹಂಗ ಅದ. ಚಿತ್ರ ಬ್ಯಾಡಾದ್ರ ತಗದು ಹಾಕಲಾಕ ಬ್ಯಾರೆ ಬಟನ್ ಕೊಟ್ಟಾರ, ಒತ್ತಿದ್ರ ಅಕ್ಷರದ ದುಂಡು ವಾಪಸ್ ಬರ್ತದ, ಅದು ಛಲೋ. ಇನ್ನ ಫೈಲ್ ಆರಿಸೂ ಬಟನ್ ಕೆಳಗ, ರೆಡಿ ಚಿತ್ರ ಮ್ಯಾಲ ಇರೂದು ನನಗ ಸರಿ ಅನಸ್ತದ, ಕೆಲವರು ಸ್ವಂತ ಫೋಟೋನ ಮೊದಲ ಇರಬೇಕು ಅಂತಾರ. ಟೇಲರ್ ಅಕ್ಕಾರ ಅಂಗಡಿ ನೋಡಿದ ಮ್ಯಾಲ ನಾ ಒಪ್ಪಂಗಿಲ್ಲ.

ಇನ್ನ ಒಂದು ತೊಡಕು ಬರೂದು ಪರ್ಮಿಷನ್ನಿಂದ. ತಮ್ಮ ಚಿತ್ರ ತಾವ ಬದಲ ಮಾಡಲಾಕ ಅಡ್ಮಿನ್ ಪಾಸ್‌ವರ್ಡ್ ಬೇಕಾಗಿಲ್ಲ, ಬ್ಯಾರೆಯವ್ರದು ಮಾಡಲಾಕ ಅನ್‌ಲಾಕ್ ಒತ್ತಿ ಪಾಸ್‌ವರ್ಡ್ ಕೊಡಬೇಕು. ಸರಿನ ಅದ. ಆದ್ರ ಉಬುಂಟು 21.04ದಿಂದ ಒಬ್ಬರ ಹೋಮ್ ಫೋಲ್ಡರ್ (ಅವರ ಸ್ವಂತ ಫೈಲ್ ಇರೂ ಜಾಗ) ಇನ್ನೊಬ್ಬರಿಗೆ ತೆರೆಯಂಗಿಲ್ಲ, ಇದೂ ಸರಿನ ಅದ, ಆದ್ರ ಎರಡೂ ಕೂಡಿದ್ರ ಏನಾಗ್ತದ ಅಂದ್ರ ಆಯಿ ಅಕೌಂಟಿನ್ಯಾಗ ಕುಂತು ಫೋಟೋ ಹುಡುಕಿದ್ರ ಆಕಿ ಪಿಕ್ಚರ್ಸ್ ಫೋಲ್ಡರ್ ಖಾಲಿ, ಫೋಟೋ ಇರೂದು ನನ್ನ ಫೋಲ್ಡರಿನ್ಯಾಗ, ಅಲ್ಲಿಗೆ ಆಕಿಗೆ ದಾರಿ ಇಲ್ಲ. ಹಂಗಾಗಿ ನೀವು ಮನಿ ಮಂದಿಗೆಲ್ಲಾ ಫೋಟೋ ಇಡೂದಿದ್ರ ಅಡ್ಮಿನ್ ಅಕೌಂಟಿನ್ಯಾಗ ಕುಂತು, ಅನ್‌ಲಾಕ್ ಮಾಡಿ, ಎಲ್ಲಾರದೂ ಒಂದ ಸಲ ಮುಗಿಸ್ರಿ. ಒಮ್ಮೆ ಇಟ್ಟ ಮ್ಯಾಲ ಮೂಲ ಫೈಲ್ ಅಳಿಸಿದ್ರೂ ನಡೀತದ, ಯಾಕಂದ್ರ ಅಕೌಂಟ್ಸ್‌ಸರ್ವಿಸ್ ಅನ್ನೂ ಪ್ರೋಗ್ರಾಮ್ ಅದರ ಒಂದು ಕಾಪಿ ಮಾಡಿ ಸಿಸ್ಟಮ್ ಫೋಲ್ಡರಿನ್ಯಾಗ ಇಟ್ಟಕೊಂತದ, ಲಾಗಿನ್ ಸ್ಕ್ರೀನ್ ಓದೂದು ಆ ಕಾಪಿನ. ಅದಕ್ಕ 1 ಎಂಬಿ ಮಿತಿ ಅದ, ಪಾಪ್‌ಅಪ್ ಮೂಲಕ ಹೋದ್ರ ಅದ ಸಣ್ಣದು ಮಾಡಿ ಕಳಸ್ತದ, ನಿಮಗ ಗೊತ್ತೂ ಆಗಂಗಿಲ್ಲ. ಹೋಮ್ ಫೋಲ್ಡರಿನ್ಯಾಗ ಡಾಟ್ ಫೇಸ್ (.face) ಅನ್ನೂ ಚಿತ್ರದ ಫೈಲ್ ಕೈಲೆ ಇಟ್ಟು ಲಾಗಿನ್ ಸ್ಕ್ರೀನ್ ಮ್ಯಾಲ ಬರವಲ್ದು ಅಂತ ತಲಿ ಕೆಡಿಸಿಕೊಳ್ಳೂವ್ರು ಇದನ್ನ ಓದಿ ಬಿಟ್ಟುಬಿಡ್ರಿ, ಲಾಗಿನ್ ಸ್ಕ್ರೀನ್‌ಗೂ ನಿಮ್ಮ ಹೋಮ್ ಫೋಲ್ಡರ್ ಮುಚ್ಚೇ ಇರ್ತದ.

ಕಡೀಕ ಒಂದು ಉಪಯೋಗದ ಮಾತು, ಇದಕ್ಕಾಗಿ ಗ್ನೋಮ್‌ನವ್ರಿಗೆ ಅರ್ಧ ಸ್ಟಾರ್ ಹೆಚ್ಚಿಗಿ ಕೊಡಬೇಕು ಅನಸ್ತದ, ಆದ್ರ ಇದನ್ನ ಯಾರಿಗೂ ಕಾಣದಂಗ ಇಟ್ಟಾರಲ್ಲ ಅಂತ ಕೊಡವಲ್ಲೆ. ಪಾಪ್‌ಅಪ್‌ನ್ಯಾಗ ಬರೂ ರೆಡಿ ಚಿತ್ರಗೋಳ ಬದ್ಲಿ ನಮ್ಮ ಚಿತ್ರಗೋಳನ್ನ ತರಸಬಹುದು. ಡಿಕಾನ್ಫ್ ಎಡಿಟರ್ (ಒಳಗಿನ ಸೆಟ್ಟಿಂಗ್ ಬದಲ ಮಾಡೂ ಪ್ರೋಗ್ರಾಮ್) ಹಾಕ್ಕೊಂಡು ಆರ್ಗ್, ಗ್ನೋಮ್, ಡೆಸ್ಕ್‌ಟಾಪ್, ಇಂಟರ್‌ಫೇಸ್ ಅಂತ ಒಳಗ ಹೋದ್ರ ಅವತಾರ್ ಡೈರೆಕ್ಟರೀಸ್ ಅನ್ನೂ ಕೀ ಸಿಗ್ತದ. ಅದರಾಗ ನಿಮ್ಮ ಚಿತ್ರದ ಫೋಲ್ಡರಿನ ದಾರಿ ಬರದ್ರ ಮುಂದ ಪಾಪ್‌ಅಪ್ ತೆರದಾಗ ಅದರಾಗಿನ ಚಿತ್ರಗೋಳ ಬರ್ತಾವ. ನಾನು ಜೋಳದ ತೆನಿ, ನಿಂಬಿಹಣ್ಣು, ಎತ್ತಿನ ಮುಖ, ಇಳಕಲ್ ಸೀರಿಯ ಕೆಂಪು ಬಿಳಿ ಟೋಪ್ ತೆನಿ ಸೆರಗು, ಬಣ್ಣಬಣ್ಣದ ಕೌದಿ, ಆ ತೋಪಿನ ಸಿಂಹ, ಹಿಂಗ ಒಂದಿಷ್ಟು ಫೋಟೋ ಕೂಡಿಸಿ ಒಂದು ಫೋಲ್ಡರ್ ಮಾಡೀನಿ, ಮೊದಲ ಚೌಕ ಕತ್ತರಿಸಿ, ಆಮ್ಯಾಲ ದೂರ ನಿಂತು ಸಣ್ಣದಾಗಿ ನೋಡಿ, ಎರಡು ಒಂದ ತರ ಕಂಡ್ರ ಒಂದನ್ನ ತಗದು. ಕೌದಿ ಮತ್ತ ಸೆರಗು ಸಣ್ಣದಾದಾಗ ಒಂದಕ್ಕೊಂದು ಹೋಲ್ತಿದ್ದೂ, ಕೌದಿ ತಗದೆ, ಆಯಿ ಸಿಟ್ಟಾದ್ಲು, ಆಕಿ ಕೈಲೆ ಹೊಲಿದ ಕೌದಿ ಅದು. ಎತ್ತಿಗೆ ಮಾತ್ರ ಓಣ್ಯಾಗ ಎಲ್ಲಾ ಮನ್ಯಾಗೂ ಭಾಳ ಡಿಮ್ಯಾಂಡ್.

ಇದನ್ನ ಮಾಡೂವ್ರು ಎರಡು ವಿಷಯ ನೋಡಿಕೋರಿ. ಫೋಲ್ಡರ್ ನಿಮ್ಮ ಹೋಮ್ ಒಳಗ ಇಡಬ್ಯಾಡ್ರಿ, ಮ್ಯಾಲ ಹೇಳಿದ ಪರ್ಮಿಷನ್ ತೊಡಕಿಗೆ ಉಳಿದವ್ರ ಅಕೌಂಟಿನ್ಯಾಗ ಚಿತ್ರ ಬರಂಗಿಲ್ಲ, ಯುಎಸ್ಆರ್ ಒಳಗ ಲೋಕಲ್, ಶೇರ್ ಅಂತ ಇರ್ತದಲ್ಲ ಅಲ್ಲಿ ಇಟ್ಟು ಎಲ್ಲಾರಿಗೂ ಓದಲಾಕ ಬರೂವಂಗ ಮಾಡ್ರಿ. ಮತ್ತ ಆ ಕೀ ಒಬ್ಬೊಬ್ಬರ ಅಕೌಂಟಿಗೆ ಬ್ಯಾರೆಬ್ಯಾರೆ, ನೀವು ನಿಮ್ಮ ಅಕೌಂಟಿನ್ಯಾಗ ಇಟ್ಟರ ಕಾಕಾನ ಅಕೌಂಟಿನ್ಯಾಗ ಹಳೇ ಟೊಮ್ಯಾಟೊ, ಸರ್ಫಿಂಗ್ ಇವ ಕಾಣ್ತಾವ. ಒಂದ ಸಲಕ್ಕ ಎಲ್ಲಾರಿಗೂ ಬರಬೇಕಂದ್ರ ಡಿಕಾನ್ಫ್‌ದ ಸಿಸ್ಟಮ್ ಡಿಫಾಲ್ಟ್ ಬರೀಬೇಕಾಗ್ತದ, ಅಷ್ಟು ಬ್ಯಾಡ ಅಂದ್ರ ಅಡ್ಮಿನ್ ಅಕೌಂಟಿನ್ಯಾಗ ಕುಂತು ಅಲ್ಲಿಂದನ ಎಲ್ಲಾರದೂ ಆರಿಸಿ ಕೊಡ್ರಿ.